ಶ್ರೀಲಂಕಾದ ಪ್ರಾಚೀನ ರಾಜಧಾನಿಗಳಿಗೆ ಪ್ರವಾಸ: ಯೋಜನೆ ಹೇಗೆ?

ಶ್ರೀಲಂಕಾಕ್ಕೆ ಹೊರಡುವ ನಮ್ಮವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೊಲಂಬೊ, ಕ್ಯಾಂಡಿ, ನುವರ ಎಲಿಯ ಮತ್ತು ಒಂದು ಕಡಲತೀರ ಇರುತ್ತವೆ. ಸಾವಿರ ವರ್ಷಕ್ಕೂ ಮಿಗಿಲಾಗಿ ರಾಜಧಾನಿಯಾಗಿದ್ದ ಅನುರಾಧಪುರಕ್ಕೆ ಉಳಿಯುವುದು ಹೆಚ್ಚೆಂದರೆ ಅರ್ಧ ದಿನ. ಪ್ರಾಚೀನ ಪರಂಪರೆಯನ್ನು ನೋಡುವುದೇ ಪ್ರವಾಸದ ಉದ್ದೇಶವಾಗಿದ್ದರೆ ಈ ಲೆಕ್ಕವನ್ನು ತಿರುಗಿಸಬೇಕು: ಅನುರಾಧಪುರ, ಪೊಲೊನ್ನರುವ, ಸಿಗಿರಿಯ, ದಂಬುಲ್ಲಗಳಿಗೆ ಮೊದಲು ದಿನಗಳನ್ನು ಎತ್ತಿಟ್ಟು, ಉಳಿದದ್ದನ್ನು ಮಿಕ್ಕ ಊರುಗಳಿಗೆ ಹಂಚಬೇಕು. ಒಂದು ವಾರದ ರಜೆ ಇದಕ್ಕೆ ಸಾಕಾಗುತ್ತದೆ.

ಮೊದಲು ನಿರ್ಧರಿಸಬೇಕಾದದ್ದು ತಿಂಗಳು. ಈ ಊರುಗಳೆಲ್ಲ ದ್ವೀಪದ ಒಣ ಪ್ರದೇಶದಲ್ಲಿವೆ. ಇಲ್ಲಿಗೆ ಮಳೆ ಮುಖ್ಯವಾಗಿ ಅಕ್ಟೋಬರ್‌ನಿಂದ ಜನವರಿಯವರೆಗೆ ಬರುವುದರಿಂದ ದಸರಾ ರಜೆಗಿಂತ ಬೇಸಿಗೆ ರಜೆಯೇ ಅನುಕೂಲ, ಬಿಸಿಲಿನ ಕಾಟ ಮಾತ್ರ ತಪ್ಪಿದ್ದಲ್ಲ. ಏಪ್ರಿಲ್ ಮಧ್ಯದಲ್ಲಿ ಸಿಂಹಳ ಮತ್ತು ತಮಿಳು ಹೊಸ ವರ್ಷ ಬರುತ್ತದೆ. ಆ ನಾಲ್ಕಾರು ದಿನ ಅಂಗಡಿ ಹೋಟೆಲುಗಳು ಮುಚ್ಚಿರುತ್ತವೆ, ಬಸ್ಸುಗಳು ಊರಿಗೆ ಹೋಗುವವರಿಂದ ತುಂಬಿರುತ್ತವೆ. ಪ್ರತಿ ಹುಣ್ಣಿಮೆಯೂ ಅಲ್ಲಿ ‘ಪೋಯ’ ಎಂಬ ಸರ್ಕಾರಿ ರಜಾದಿನ. ಜೂನ್ ತಿಂಗಳ ಪೊಸೊನ್ ಹುಣ್ಣಿಮೆಯಂದು ಅನುರಾಧಪುರ ಮತ್ತು ಅದರ ಹತ್ತಿರದ ಬೆಟ್ಟದ ಕ್ಷೇತ್ರ ಮಿಹಿಂತಲೆಗೆ ಭಕ್ತರ ಸಾಗರವೇ ಹರಿದು ಬರುತ್ತದೆ. ಉತ್ಸವವನ್ನೇ ನೋಡಬೇಕೆನ್ನುವವರು ಅಂದು ಹೋಗಬಹುದು, ಶಿಲ್ಪ ನೋಡಬೇಕೆನ್ನುವವರು ಬೇರೆ ವಾರವನ್ನು ಆರಿಸಿಕೊಳ್ಳುವುದು ಒಳ್ಳೆಯದು. ವೀಸಾ ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ, ಟಿಕೆಟ್ ಕಾಯ್ದಿರಿಸುವ ಮುನ್ನ ಆ ದೇಶದ ಅಧಿಕೃತ ಜಾಲತಾಣವನ್ನು ನೋಡಿಕೊಳ್ಳಬೇಕು. ದಲ್ಲಾಳಿಗಳ ಮಾತನ್ನು ನಂಬಿ ಕೂರಬಾರದು.

ವಿಮಾನ ನಿಲ್ದಾಣ ಇರುವುದು ಕೊಲಂಬೊ ನಗರದಲ್ಲಲ್ಲ, ಅದರ ಉತ್ತರಕ್ಕಿರುವ ಕಟುನಾಯಕದಲ್ಲಿ. ಬೆಳಗಿನ ವಿಮಾನದಲ್ಲಿ ಇಳಿದವರು ಕೊಲಂಬೊ ಕಡೆಗೆ ತಿರುಗದೆ ನೇರವಾಗಿ ದಂಬುಲ್ಲ ಅಥವಾ ಹಬರಣಕ್ಕೆ ಹೊರಟರೆ ಸಂಜೆಯೊಳಗೆ ಆರಾಮವಾಗಿ ತಲುಪಬಹುದು. ಅಲ್ಲೇ ನಾಲ್ಕು ರಾತ್ರಿ ಒಂದೇ ಕೋಣೆಯಲ್ಲಿ ತಂಗುವುದು ನನ್ನ ಸಲಹೆ. ಅನುರಾಧಪುರ ಮತ್ತು ಪೊಲೊನ್ನರುವ ಎರಡೂ ದಂಬುಲ್ಲದಿಂದ ಸುಮಾರು 65–70 ಕಿ.ಮೀ. ದೂರದಲ್ಲಿವೆ, ಸಿಗಿರಿಯ ಇನ್ನೂ ಹತ್ತಿರ. ದಿನಕ್ಕೊಂದು ಊರಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವ ಪ್ರವಾಸದಲ್ಲಿ ಅರ್ಧ ಸಮಯ ಹೋಟೆಲಿನ ಕೌಂಟರಿನ ಮುಂದೆಯೇ ಕಳೆದುಹೋಗುತ್ತದೆ.

ನೋಡುವ ಕ್ರಮ ಕಾಲಾನುಕ್ರಮವಾಗಿದ್ದರೆ ಚೆನ್ನ, ಆದ್ದರಿಂದ ಅನುರಾಧಪುರ ಮೊದಲು. ಅಶೋಕನ ಮಗಳು ಸಂಘಮಿತ್ತೆ ತಂದ ಸಸಿಯಿಂದ ಬೆಳೆದದ್ದೆಂದು ಪೂಜೆಗೊಳ್ಳುವ ಅರಳಿ ಮರ ಶ್ರೀ ಮಹಾಬೋಧಿ, ದುಟುಗೆಮುನು ರಾಜ ಕಟ್ಟಿಸಿದ ಬಿಳಿಯ ಸ್ತೂಪ ರುವನ್‌ವೆಲಿಸಾಯ, ಮಹಾಸೇನ ರಾಜನ ಕಾಲದಲ್ಲಿ ಆರಂಭವಾಗಿ ಒಂದು ಕಾಲಕ್ಕೆ ಸುಮಾರು 122 ಮೀಟರ್ ಎತ್ತರವಿದ್ದ ಜೇತವನ ಇಟ್ಟಿಗೆ ಸ್ತೂಪ, ಇವೆಲ್ಲ ಒಂದಕ್ಕೊಂದು ದೂರದಲ್ಲಿರುವುದರಿಂದ ವಾಹನ ಅಥವಾ ಬಾಡಿಗೆ ಸೈಕಲ್ ಇಲ್ಲದೆ ಸುತ್ತುವುದು ಕಷ್ಟ.

ಸಿಗಿರಿಯಕ್ಕೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಇರಬೇಕು. ಐದನೇ ಶತಮಾನದಲ್ಲಿ ಕಾಶ್ಯಪ ರಾಜನು ಅರಮನೆ ಕಟ್ಟಿದ ಈ ಬಂಡೆಯ ನೆತ್ತಿಗೆ ಸುಮಾರು 1200 ಮೆಟ್ಟಿಲುಗಳಿವೆ. ಹತ್ತು ಗಂಟೆಯ ನಂತರ ಬಿಸಿಲೂ ಜನಜಂಗುಳಿಯೂ ಒಟ್ಟಿಗೇ ಏರುತ್ತವೆ. ಭಿತ್ತಿಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಬಂಡೆಯ ಮೇಲೆ ಕಣಜದ ಗೂಡುಗಳಿರುವುದರಿಂದ ಗದ್ದಲ ಮಾಡಬಾರದೆಂಬ ಎಚ್ಚರಿಕೆಯನ್ನು ಮಕ್ಕಳಿಗೂ ಮೊದಲೇ ತಿಳಿಸಿರಬೇಕು. ಮಂಡಿನೋವಿರುವ ಹಿರಿಯರು ಕೆಳಗಿನ ಜಲೋದ್ಯಾನಗಳಲ್ಲಿ ಉಳಿದರೂ ಬಂದದ್ದು ವ್ಯರ್ಥವಾಗುವುದಿಲ್ಲ. ದಂಬುಲ್ಲದ ಐದು ಗುಹಾದೇವಾಲಯಗಳನ್ನು ಅದೇ ದಿನ ಸಂಜೆ ನೋಡಿ ಮುಗಿಸಬಹುದು.

ಒಂದು ಪೂರ್ತಿ ದಿನವನ್ನು ಅನುರಾಧಪುರದ ನಂತರ ರಾಜಧಾನಿಯಾದ ಪೊಲೊನ್ನರುವಕ್ಕೆ ಕೊಡಬೇಕು. ಅದರಲ್ಲೂ ಗಲ್ ವಿಹಾರದ ಮುಂದೆ ಒಂದು ಗಂಟೆಯಾದರೂ ನಿಲ್ಲಬೇಕು. ಹನ್ನೆರಡನೇ ಶತಮಾನದಲ್ಲಿ ಒಂದನೇ ಪರಾಕ್ರಮಬಾಹುವಿನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಾಲ್ಕು ಬುದ್ಧ ಮೂರ್ತಿಗಳಲ್ಲಿ ಮಲಗಿರುವ ಮೂರ್ತಿ ಸುಮಾರು 14 ಮೀಟರ್ ಉದ್ದವಿದೆ. ತಲೆಯ ಭಾರಕ್ಕೆ ಕಲ್ಲಿನ ದಿಂಬು ಮೆಲ್ಲಗೆ ತಗ್ಗಿರುವುದನ್ನೂ, ಎರಡು ಪಾದಗಳ ಬೆರಳುಗಳು ಸಮನಾಗಿರದೆ ಮೇಲಿನ ಪಾದ ಕೊಂಚ ಹಿಂದೆ ಸರಿದಿರುವುದನ್ನೂ ಗಮನಿಸಿ; ಇದು ನಿದ್ರೆಯಲ್ಲ, ಪರಿನಿರ್ವಾಣ ಎಂಬುದಕ್ಕೆ ಅದೇ ಗುರುತು ಎನ್ನುತ್ತಾರೆ. ಪೊಲೊನ್ನರುವದ ಕಲ್ಲಿನ ಶಿವ ದೇವಾಲಯಗಳು ಚೋಳರ ಆಳ್ವಿಕೆಯನ್ನು ನೆನಪಿಸುತ್ತವೆ. ಆ ಚೋಳರನ್ನು ಹೊರಗಟ್ಟಿದ ಸಿಂಹಳ ರಾಜ ವಿಜಯಬಾಹುವು ಕಲ್ಯಾಣದ ಚಾಳುಕ್ಯ ಆರನೇ ವಿಕ್ರಮಾದಿತ್ಯನೊಂದಿಗೆ ಸ್ನೇಹ ಬೆಳೆಸಿದ್ದನು ಎಂಬುದು ಕನ್ನಡಿಗರಿಗೆ ಅಲ್ಲಿ ನಿಂತಾಗ ನೆನಪಾಗಬೇಕಾದ ಸಂಗತಿ.

ಇವು ಬರಿಯ ಹಾಳೂರುಗಳಲ್ಲ, ಇಂದಿಗೂ ಪೂಜೆ ನಡೆಯುವ ಕ್ಷೇತ್ರಗಳು. ಭುಜ ಮತ್ತು ಮಂಡಿ ಮುಚ್ಚುವ, ಸಾಧ್ಯವಾದರೆ ಬಿಳಿಯ, ಬಟ್ಟೆ ಧರಿಸಬೇಕು. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯಬೇಕಾಗುವುದರಿಂದ ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ. ಬುದ್ಧನ ವಿಗ್ರಹಕ್ಕೆ ಬೆನ್ನು ತೋರಿಸಿ ಸೆಲ್ಫಿ ತೆಗೆದುಕೊಳ್ಳುವುದನ್ನು ಅಲ್ಲಿ ಅಗೌರವವೆಂದೇ ಪರಿಗಣಿಸುತ್ತಾರೆ.

ಪ್ರವೇಶ ಶುಲ್ಕ ಕಡಿಮೆಯೇನಲ್ಲ, ಬಜೆಟ್ಟಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಬೇಕು. ಭಾರತವೂ ಸೇರಿದಂತೆ ಸಾರ್ಕ್ ದೇಶಗಳ ಪ್ರಜೆಗಳಿಗೆ ಪ್ರಮುಖ ಪುರಾತತ್ವ ತಾಣಗಳಲ್ಲಿ ರಿಯಾಯಿತಿ ಸಿಗುತ್ತದೆ, ಆದರೆ ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು. ಅದನ್ನು ಹೋಟೆಲಿನ ಕಪಾಟಿನಲ್ಲಿ ಬಿಟ್ಟು ಬರಬೇಡಿ. ಅಮೆರಿಕದಿಂದಲೋ ಬ್ರಿಟನ್ನಿನಿಂದಲೋ ಬಂದು ಕುಟುಂಬದ ಜೊತೆ ಸೇರಿಕೊಳ್ಳುವ ವಿದೇಶಿ ಪೌರತ್ವದ ಕನ್ನಡಿಗರು ಪೂರ್ತಿ ದರದ ಲೆಕ್ಕ ಹಾಕಿಕೊಂಡಿರಬೇಕು. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಸೌಲಭ್ಯವಿದ್ದರೂ, ಎಳನೀರಿನವರಿಗೂ ಆಟೊದವರಿಗೂ ಕೊಡಲು ಅಲ್ಲಿನ ನಗದು ಇರಲೇಬೇಕು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ನಮ್ಮ ತೆಂಗಿನಕಾಯಿ ಚಟ್ನಿಯಂತೆಯೇ ಕಾಣುವ ಪೋಲ್ ಸಂಬೋಲದಲ್ಲಿ, ಎಷ್ಟೋ ತರಕಾರಿ ಪಲ್ಯಗಳಲ್ಲಿ, ‘ಉಂಬಲಕಡ’ ಎಂಬ ಒಣಮೀನಿನ ಪುಡಿ ಬೆರೆತಿರುತ್ತದೆ. ‘ವೆಜ್ ತಾನೇ?’ ಎಂದು ಕೇಳಿದರೆ ಸಾಲದು, ಉಂಬಲಕಡ ಹಾಕಿದೆಯೇ ಎಂದು ಹೆಸರು ಹಿಡಿದು ಕೇಳಬೇಕು.

ಕೊನೆಯ ಎರಡು ರಾತ್ರಿಗಳು ಕ್ಯಾಂಡಿಗೆ. ಬುದ್ಧನ ಹಲ್ಲೆಂದು ನಂಬಲಾದ ಅವಶೇಷವಿರುವ ದಂತ ಮಂದಿರದ ಸಂಜೆಯ ಪೂಜೆಯನ್ನು ತಪ್ಪಿಸಿಕೊಳ್ಳಬಾರದು. ಎಸಲ ಪೆರಹೆರ ಎಂಬ ಮೆರವಣಿಗೆಯ ಉತ್ಸವ ನಡೆಯುವ ಜುಲೈ–ಆಗಸ್ಟ್ ವೇಳೆಯಾದರೆ ಕೋಣೆಗಳನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಗಾಲ್ ಕೋಟೆಯನ್ನೂ ಇದೇ ವಾರಕ್ಕೆ ತುರುಕುವ ಆಸೆಯನ್ನು ಬಿಡುವುದು ಲೇಸು, ಅದು ದ್ವೀಪದ ನೈಋತ್ಯ ತುದಿಯಲ್ಲಿದೆ. ಕ್ಯಾಂಡಿಯಿಂದ ಕಟುನಾಯಕಕ್ಕೆ ಮೂರು ಗಂಟೆಗೂ ಹೆಚ್ಚು ಹಿಡಿಯುವುದರಿಂದ ಮರಳುವ ವಿಮಾನವನ್ನು ಸಂಜೆ ಅಥವಾ ರಾತ್ರಿಗೆ ನೋಡಿಕೊಳ್ಳಿ.