ಸಿಮೆಂಟ್ ಫ್ಯಾಕ್ಟರಿ ಪಕ್ಕದ ಊರಿನವರು ಇಟ್ಟುಕೊಳ್ಳಬೇಕಾದ ಫೈಲು

ಸೊಲ್ಲಾಪುರದಿಂದ ಅಕ್ಕಲಕೋಟೆ ಕಡೆಗೆ ಬಂದರೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಮ್ಮೂರೂ ಅಂಥದ್ದೇ. ಊರಿನ ಪಕ್ಕದಲ್ಲೇ ಸಿಮೆಂಟ್ ಫ್ಯಾಕ್ಟರಿ ಇದೆ. ಅಪ್ಪ ಅಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ 14 ವರ್ಷ ಗುತ್ತಿಗೆ ಕೆಲಸ ಮಾಡಿದರು. ನನ್ನ ಶಾಲೆ ಫೀ ಬಂದದ್ದು ಆ ಪಗಾರದಿಂದ. ಅಮ್ಮ ಮಾಳಿಗೆ ಮೇಲೆ ಒಣ ಹಾಕಿದ ಸಂಡಿಗೆ ಮೇಲೆ ಬೂದು ಪುಡಿ ಬಂದು ಕೂತದ್ದೂ ಅಲ್ಲಿಂದಲೇ. ಎರಡೂ ನಿಜ. ಹಾಗಾಗಿ ಫ್ಯಾಕ್ಟರಿ ಬೇಕೋ ಬೇಡವೋ ಅನ್ನೋ ವಾದಕ್ಕೆ ನಾನು ಹೋಗುವುದಿಲ್ಲ. ಅದರ ಪಕ್ಕದಲ್ಲಿ ತಲೆಮಾರುಗಟ್ಟಲೆ ಬಾಳುವ ಊರು ಏನು ಮಾಡಬೇಕು ಅಂತ ಹೇಳುತ್ತೇನೆ.

ಮಾಡಬೇಕಾದ್ದು ಒಂದೇ: ಎಲ್ಲವನ್ನೂ ಬರೆದಿಡಿ. ಹಿಂದೆ ಒಬ್ಬ ಮ್ಯಾನೇಜರು ಲಾರಿಗಳಿಗೆ ಊರ ಹೊರಗಿಂದ ರಸ್ತೆ ಮಾಡಿಸಿಕೊಡ್ತೀವಿ ಅಂದಿದ್ದರು. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಹೇಳಿದ್ದರು. ಆಮೇಲೆ ಅವರಿಗೆ ವರ್ಗ ಆಯ್ತು. ಮುಂದೆ ಬಂದವರು ‘ನಮ್ಮಲ್ಲಿ ಅಂಥ ದಾಖಲೆ ಇಲ್ಲ’ ಅಂದರು. ನಮ್ಮ ಹತ್ತಿರವೂ ಇರಲಿಲ್ಲ. ಮ್ಯಾನೇಜರು ಬಿಡಿ, ಮಾಲೀಕರೇ ಬದಲಾಗುತ್ತಾರೆ. ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ 1968ರಿಂದ ಇದೆ, ಆದರೆ ಆ ಕಂಪನಿ 2022ರಲ್ಲಿ ಅದಾನಿ ಗುಂಪಿನ ಕೈಗೆ ಬಂತು. ಎಲ್ ಅಂಡ್ ಟಿ ಸಿಮೆಂಟ್ 2004ರಲ್ಲಿ ಅಲ್ಟ್ರಾಟೆಕ್ ಆಯ್ತು. ಊರು ಮಾತ್ರ ಅಲ್ಲೇ ಇರುತ್ತದೆ, ಅಲ್ವಾ?

ಮೊದಲು ನಿಮ್ಮದು ಎಂಥ ಫ್ಯಾಕ್ಟರಿ ಅಂತ ತಿಳಿದುಕೊಳ್ಳಿ. ಸೇಡಂ, ಮಳಖೇಡ, ವಾಡಿ ಕಡೆ ಇರುವುದು ಪೂರ್ತಿ ಕಾರ್ಖಾನೆಗಳು. ಅಲ್ಲಿ ಸುಣ್ಣದ ಕಲ್ಲಿನ ಗಣಿ ಇದೆ, ಸಿಡಿಮದ್ದು ಹಾರಿಸುತ್ತಾರೆ, ಗೂಡಿನಲ್ಲಿ ಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಟ್ಟು ಕ್ಲಿಂಕರ್ ಎಂಬ ಗಟ್ಟಿ ಉಂಡೆ ಮಾಡುತ್ತಾರೆ, ಅದನ್ನು ಅರೆದರೆ ಸಿಮೆಂಟ್. ಸೊಲ್ಲಾಪುರದ ಸುತ್ತ ಇರುವಂಥವು ಗ್ರೈಂಡಿಂಗ್ ಘಟಕಗಳು. ಕ್ಲಿಂಕರ್ ಬೇರೆ ಕಡೆಯಿಂದ ಬರುತ್ತದೆ, ಇಲ್ಲಿ ಅದಕ್ಕೆ ಜಿಪ್ಸಮ್, ಹಾರುಬೂದಿ (ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟ ನುಣ್ಣನೆ ಬೂದಿ) ಸೇರಿಸಿ ಅರೆಯುತ್ತಾರೆ. ಪಿಪಿಸಿ, ಅಂದರೆ ಹಾರುಬೂದಿ ಬೆರೆತ ಸಿಮೆಂಟಿನ ಚೀಲದಲ್ಲಿ 15ರಿಂದ 35 ಶೇಕಡಾ ಹಾರುಬೂದಿಯೇ ಇರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಸುಮ್ನೆ ಅರ್ಜಿ ಬರೆದರೆ ಅದು ಮೂಲೆಗೆ ಹೋಗುತ್ತದೆ. ಗ್ರೈಂಡಿಂಗ್ ಘಟಕದ ಧೂಳು ಹೆಚ್ಚಾಗಿ ಕ್ಲಿಂಕರ್ ಇಳಿಸುವ ಜಾಗ, ಪ್ಯಾಕಿಂಗ್, ಧೂಳು ಸೋಸುವ ಬಟ್ಟೆ ಚೀಲ (ಬ್ಯಾಗ್ ಫಿಲ್ಟರ್) ಹರಿದದ್ದು, ತಾಡಪತ್ರಿ ಹಾಕದ ಲಾರಿ, ಇಂಥ ಕಡೆಗಳಿಂದ ಬರುತ್ತದೆ. ಅರ್ಜಿಯಲ್ಲಿ ಆ ಜಾಗದ ಹೆಸರೇ ಬರೆಯಿರಿ. ಇನ್ನೊಂದು ಮಾತು. ಗಣಿಯವರು ಕಟ್ಟುವ ಹಣದ ಜಿಲ್ಲಾ ಖನಿಜ ನಿಧಿ ಸೇರುವುದು ಗಣಿಯಿಂದ ತೊಂದರೆಯಾದ ಊರಿಗೆ. ಬರೀ ಅರೆಯುವ ಘಟಕದ ಹೆಸರು ಹೇಳಿ ಅದನ್ನು ಕೇಳಲು ಹೋಗಬೇಡಿ, ಸಮಯ ಹಾಳು.

ಇನ್ನು ಧೂಳಿನ ಡೈರಿ. ನನ್ನ ಪ್ರಕಾರ ಇದೇ ದೊಡ್ಡ ಕೆಲಸ, ಇದನ್ನು ಹೆಂಗಸರ ಕೈಗೆ ಕೊಡಿ. ಯಾಕೆಂದರೆ ಮಾಳಿಗೆ ಗುಡಿಸುವವರು, ನೀರಿನ ಕೊಡ ಮುಚ್ಚುವವರು, ಬಟ್ಟೆ ಒಣ ಹಾಕುವವರು ಅವರು, ಯಾವ ರಾತ್ರಿ ಜಾಸ್ತಿ ಬಂತು ಅಂತ ಅವರಿಗೆ ಮೊದಲು ಗೊತ್ತಾಗುತ್ತದೆ. ಒಂದು ಸ್ಟೀಲ್ ತಾಟನ್ನು ಒಂದೇ ಜಾಗದಲ್ಲಿ ಸಂಜೆ ಇಡಿ. ಬೆಳಿಗ್ಗೆ ಅದೇ ಹೊತ್ತಿಗೆ ಫೋಟೋ ತೆಗೆಯಿರಿ. ತಾರೀಕು, ಹೊತ್ತು, ಗಾಳಿ ಯಾವ ದಿಕ್ಕಿನಿಂದ ಇತ್ತು, ಕರೆಂಟ್ ಹೋಗಿತ್ತಾ, ಲಾರಿ ಸಾಲು ಇತ್ತಾ, ಇಷ್ಟು ಬರೆಯಿರಿ. ಚಳಿಗಾಲದ ರಾತ್ರಿ ಗಾಳಿ ಮೇಲೇಳುವುದಿಲ್ಲ, ಧೂಳು ಕೆಳಗೇ ನಿಲ್ಲುತ್ತದೆ, ಆ ತಿಂಗಳುಗಳಲ್ಲಿ ಒಂದು ದಿನವೂ ಬಿಡಬೇಡಿ. ಹೊಲದಲ್ಲಿ ತೊಗರಿ ಹೂ ಬಿಟ್ಟಾಗ ಎಲೆಗಳ ಫೋಟೋ ಕೂಡ ಇರಲಿ. ತಾಟಿನ ಧೂಳೊಂದೇ ಕೋರ್ಟಿಗೆ ಸಾಕಾಗಲಾರದು, ನಿಜ. ಆದರೆ ‘ಯಾವಾಗಲೂ ಧೂಳು ಸಾಹೇಬ್ರೇ’ ಅನ್ನೋದಕ್ಕೂ ‘ಈ ತಿಂಗಳು ಒಂಬತ್ತು ರಾತ್ರಿ, ಅದರಲ್ಲಿ ಏಳು ಸಲ ಹನ್ನೊಂದು ಗಂಟೆ ಮೇಲೆ’ ಅನ್ನೋದಕ್ಕೂ ಬಹಳ ಅಂತರ ಇದೆ. ಎರಡನೆಯದನ್ನು ಕೇಳಿದ ಅಧಿಕಾರಿ ಪೆನ್ನು ಎತ್ತುತ್ತಾನೆ.

ಅಳತೆ ಹಚ್ಚುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಜನ ಇರುವ ಕಡೆ ಗಾಳಿಯಲ್ಲಿ ಪಿಎಂ10 ಅನ್ನುವ ಉಸಿರಿನಲ್ಲಿ ಒಳಗೆ ಹೋಗುವ ಸಣ್ಣ ಕಣಗಳು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಇನ್ನೂ ಸಣ್ಣ ಪಿಎಂ2.5 ಆದರೆ 60 ಮೈಕ್ರೋಗ್ರಾಂ ದಾಟಬಾರದು. ಇದು 2009ರ ಮಾನದಂಡ. ಮಹಾರಾಷ್ಟ್ರ ಪ್ರದೂಷಣ ನಿಯಂತ್ರಣ ಮಂಡಳಿಯ ಕಚೇರಿ ಸೊಲ್ಲಾಪುರದಲ್ಲೇ ಇದೆ. ಡೈರಿಯ ಜೆರಾಕ್ಸ್ ಹಚ್ಚಿ, ಊರೊಳಗೆ ಅಳತೆ ಮಾಡಿ ಅಂತ ಮರಾಠಿಯಲ್ಲಿ ಅರ್ಜಿ ಕೊಡಿ. ಪೋಚ ತಗೊಳ್ಳದೆ ಅಲ್ಲಿಂದ ಏಳಬೇಡಿ. ಪೋಚ ಅಂದರೆ ನಿಮ್ಮ ಪ್ರತಿಯ ಮೇಲೆ ಅವರ ಸಹಿ, ಶಿಕ್ಕಾ, ತಾರೀಕು. ಶಿಕ್ಕಾ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

ಫ್ಯಾಕ್ಟರಿಯೂ ಕೆಲವು ಕಾಗದ ಕೊಡಲೇಬೇಕು. ಪರಿಸರ ಅನುಮತಿ ಪಡೆದ ಫ್ಯಾಕ್ಟರಿ, ಅದರ ಷರತ್ತುಗಳನ್ನು ಹೇಗೆ ಪಾಲಿಸಿದೆ ಅಂತ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಪರಿಸರ ವಿವರಪತ್ರ ಅಂತ ಇನ್ನೊಂದಿದೆ, ಅದು ವರ್ಷದ ಮಾಲಿನ್ಯ, ತ್ಯಾಜ್ಯದ ಲೆಕ್ಕ, ಸೆಪ್ಟೆಂಬರ್ 30ರ ಒಳಗೆ ಮಂಡಳಿಗೆ ಹೋಗುತ್ತದೆ. ಸಿಗಲಿಲ್ಲ ಅಂದರೆ ಮಂಡಳಿಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ವರದಿಯಲ್ಲಿ ‘ಗಿಡ ನೆಟ್ಟಿದ್ದೇವೆ, ರಸ್ತೆಗೆ ನೀರು ಹೊಡೆಯುತ್ತೇವೆ’ ಅಂತ ಇದ್ದರೆ, ಹೋಗಿ ನೋಡಿ, ಎಣಿಸಿ, ಪಕ್ಕದಲ್ಲೇ ಬರೆಯಿರಿ. ಇದ್ದರೆ ಇದೆ ಅಂತಲೂ ಬರೆಯಿರಿ. ಊರಿನ ಮಾತಿಗೆ ಬೆಲೆ ಬರುವುದು ಹಾಗೆಯೇ.

ಫ್ಯಾಕ್ಟರಿ ದೊಡ್ಡದು ಮಾಡುವಾಗ ಸಾರ್ವಜನಿಕ ವಿಚಾರಣೆ ಕರೆದರೆ ಯಾರೂ ಮನೆಯಲ್ಲಿ ಕೂರಬೇಡಿ. 2006ರ ನಿಯಮದ ಪ್ರಕಾರ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಬರಬೇಕು, ಸಭೆಯ ವಿಡಿಯೋ ಆಗಬೇಕು, ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ನಮ್ಮ ಕಡೆ ಇಲ್ಲೇ ತೊಡಕು. ಓದುವುದು ಮರಾಠಿಯಲ್ಲಿ, ವಯಸ್ಸಾದವರಿಗೆ ಅರ್ಧ ತಿಳಿಯುವುದಿಲ್ಲ. ಆಯಿ, ಮುತ್ಯಾ ಕನ್ನಡದಲ್ಲೇ ಮಾತಾಡಲಿ. ಎರಡೂ ಭಾಷೆ ಬರುವ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ಮರಾಠಿಗೆ ಹೇಳಲಿ, ಅದು ನಡಾವಳಿಯಲ್ಲಿ ಬಂತಾ ಅಂತ ಓದುವಾಗ ಕಿವಿಗೊಟ್ಟು ಕೇಳಲಿ. ಬರದಿದ್ದರೆ ಅಲ್ಲೇ ಎದ್ದು ಹೇಳಬೇಕು.

ಸಿಎಸ್‌ಆರ್, ಅಂದರೆ ಕಂಪನಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣದ ಬಗ್ಗೆ ತುಂಬಾ ತಪ್ಪು ತಿಳುವಳಿಕೆ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟು ಖರ್ಚು ಮಾಡಬೇಕು, ಕೆಲಸ ಮಾಡುವ ಜಾಗದ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕು. ಅದು ಇಡೀ ಕಂಪನಿಯ ಲೆಕ್ಕ, ಒಂದೊಂದು ಫ್ಯಾಕ್ಟರಿಗೆ ಇಷ್ಟು ಅಂತ ಇಲ್ಲ. ಒಪ್ಪಿಗೆಯಾದ ಯೋಜನೆಗಳನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು, ಓದಿ. ಹೊಸ ವರ್ಷದ ಲೆಕ್ಕ ಏಪ್ರಿಲ್‌ಗೆ ಶುರು, ಆದ್ದರಿಂದ ಡಿಸೆಂಬರ್ ಹೊತ್ತಿಗೇ ಗ್ರಾಮಸಭೆಯ ಠರಾವು ಮಾಡಿ ಕಳಿಸಿ. ಗಣಪತಿ ಮಂಟಪಕ್ಕೆ ಚಂದಾ ಕೇಳುವುದರಲ್ಲೇ ನಾವು ಎಷ್ಟೋ ವರ್ಷ ಕಳೆದೆವು. ಅದರ ಬದಲು ಶಾಲೆಗೆ ಶೌಚಾಲಯ ಕೇಳಿ, ವರ್ಷಕ್ಕೊಮ್ಮೆ ಎಲ್ಲರ ಎದೆ, ಉಸಿರಿನ ತಪಾಸಣೆ ಕೇಳಿ. ಆದರೆ ಧೂಳು ತಡೆಯುವುದು ಫ್ಯಾಕ್ಟರಿಯದ್ದೇ ಕರ್ತವ್ಯ, ಅದು ಸಿಎಸ್‌ಆರ್ ಅಲ್ಲ. ‘ನೀರಿನ ಟಾಕಿ ಕಟ್ಟಿಸಿಕೊಟ್ಟಿದ್ದೀವಲ್ಲ’ ಅಂತ ಯಾರಾದರೂ ಅಂದರೆ, ಅದಕ್ಕೆ ನಮಸ್ಕಾರ ಹೇಳಿ, ಧೂಳಿನ ಮಾತಿಗೇ ವಾಪಸ್ ಬನ್ನಿ.

ಗುತ್ತಿಗೆ ಕೆಲಸಕ್ಕೆ ಹೋಗುವವರು ಪಗಾರ ಚೀಟಿ, ಪಿಎಫ್ ನಂಬರ್ ಮನೆಯಲ್ಲಿ ಇಟ್ಟಿರಲಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಫ್ಯಾಕ್ಟರಿಯೇ ಕೊಡಬೇಕು. ಅಪ್ಪ ನಾಲ್ಕು ಗುತ್ತಿಗೆದಾರರ ಕೈಕೆಳಗೆ ದುಡಿದರು, ಚೀಟಿ ಉಳಿದದ್ದು ಇಬ್ಬರದ್ದು ಮಾತ್ರ. ಉಳಿದ ವರ್ಷಗಳ ಪಿಎಫ್ ಹುಡುಕಲು ನಮ್ಮ ಹತ್ತಿರ ಯಾವ ಕಾಗದವೂ ಇರಲಿಲ್ಲ.

ಫೈಲಿನ ಎರಡು ಪ್ರತಿ ಮಾಡಿ. ಒಂದು ಪಂಚಾಯ್ತಿಯಲ್ಲಿ, ಇನ್ನೊಂದು ಚುನಾವಣೆಗೆ ನಿಲ್ಲದ ಯಾರದ್ದಾದರೂ ಮನೆಯಲ್ಲಿ. ನಮ್ಮೂರದ್ದು ಒಬ್ಬ ನಿವೃತ್ತ ಬಾಯಿಯವರ ಮನೆಯಲ್ಲಿದೆ, ಅವರು ಶಾಲೆಯಲ್ಲಿ ಕಲಿಸುತ್ತಿದ್ದವರು. ಮೇ 1ರ ಗ್ರಾಮಸಭೆಯಲ್ಲಿ ಹಿಂದಿನ ವರ್ಷದ ಪುಟಗಳನ್ನು ಅವರೇ ಓದುತ್ತಾರೆ, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ. ಫ್ಯಾಕ್ಟರಿಯವರನ್ನೂ ಪತ್ರ ಕೊಟ್ಟು ಕರೆಯುತ್ತೇವೆ. ಎರಡು ವರ್ಷದಿಂದ ಅವರೂ ಬಂದು ಕೂರುತ್ತಿದ್ದಾರೆ.