ಪ್ಯಾಕೇಜ್ ಮ್ಯಾನೇಜರ್: ಎರಡು ಸಲ ಕೆಡಿಸಿಕೊಂಡ ಮೇಲೆ ಆರಿಸಿದ್ದು

ಲಿನಕ್ಸ್‌ಗೆ ಬಂದ ಹೊಸದರಲ್ಲಿ ನಾನು ಪ್ಯಾಕೇಜ್ ಮ್ಯಾನೇಜರ್ (ಪ್ರೋಗ್ರಾಮ್‌ಗಳನ್ನು ಹಾಕುವ, ತೆಗೆಯುವ, ಅಪ್‌ಡೇಟ್ ಮಾಡುವ ಸಾಧನ) ಆರಿಸಲೇ ಇಲ್ಲ. ಉಬುಂಟು ಹಾಕಿಕೊಂಡೆ, ಅದರ ಜೊತೆ ಆಪ್ಟ್ ಬಂತು. ಡಿಸ್ಟ್ರೋ (ಉಬುಂಟುವಿನಂಥ ಲಿನಕ್ಸ್‌ನ ಒಂದು ರೂಪ) ಆರಿಸಿದರೆ ಇದನ್ನೂ ಆರಿಸಿದ ಹಾಗೆಯೇ ಅಂತ ಆಗ ಹೊಳೆದಿರಲಿಲ್ಲ.

ಮೊದಲ ಏಟು ಬಿದ್ದದ್ದು ಒಂದು ವಿಡಿಯೊ ಎಡಿಟರ್‌ನಿಂದ. ಡಿಸ್ಟ್ರೋದ ಪ್ಯಾಕೇಜ್ ಸಂಗ್ರಹದಲ್ಲಿ, ಅಂದರೆ ರಿಪಾಸಿಟರಿಯಲ್ಲಿ, ಇದ್ದದ್ದು ಹಳೆಯ ಆವೃತ್ತಿ. ಹೊಸದು ಬೇಕು ಅಂತ ಯಾರದೋ ಪಿಪಿಎ (ಹೊರಗಿನವರು ನಡೆಸುವ ಖಾಸಗಿ ರಿಪಾಸಿಟರಿ) ಸೇರಿಸಿದೆ. ಎಡಿಟರ್ ಬಂತು, ಅದರ ಬೆನ್ನಿಗೆ ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಒಂದಷ್ಟು ಲೈಬ್ರರಿಗಳೂ ಬದಲಾದವು. ಕೆಲವು ತಿಂಗಳ ನಂತರ ಸಿಸ್ಟಮ್ ಅಪ್‌ಗ್ರೇಡ್ ಮಾಡಲು ಹೋದರೆ ಡಿಪೆಂಡೆನ್ಸಿಗಳೆಲ್ಲ (ಯಾವ ಪ್ಯಾಕೇಜ್‌ಗೆ ಯಾವುದು ಬೇಕು ಎಂಬ ನಂಟು) ಕಗ್ಗಂಟು. ಸಿಟ್ಟಿನಲ್ಲಿ ಒಂದು ಲೈಬ್ರರಿ ತೆಗೆಯಲು ಹೇಳಿದೆ. ಆಪ್ಟ್ ಉದ್ದನೆಯ ಪಟ್ಟಿ ತೋರಿಸಿ, ಇವಿಷ್ಟೂ ಹೋಗುತ್ತವೆ, ಮುಂದುವರಿಯಲೇ ಎಂದು ಕೇಳಿತು. ಓದದೆ ವೈ ಒತ್ತಿದೆ. ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಕೂಡ ಇತ್ತು! ರೀಬೂಟ್ ಆದ ಮೇಲೆ ಕಪ್ಪು ಪರದೆ, ಅದರಲ್ಲಿ ಲಾಗಿನ್ ಅಂತ ಒಂದೇ ಒಂದು ಸಾಲು. ಆಪ್ಟ್‌ನದೇನೂ ತಪ್ಪಿಲ್ಲ, ಅದು ಕೇಳಿಯೇ ಮಾಡಿತ್ತು ಅಲ್ವಾ. ಅದರ ಹಿಸ್ಟರಿ ಲಾಗ್ ತೆರೆದು, ಹೋದ ಪ್ಯಾಕೇಜ್‌ಗಳ ಹೆಸರು ಹೆಕ್ಕಿ ಮತ್ತೆ ಹಾಕುವಷ್ಟರಲ್ಲಿ ರಾತ್ರಿ ಕಳೆದಿತ್ತು.

ಆಮೇಲೆ ಆರ್ಚ್ ಎಂಬ ಡಿಸ್ಟ್ರೋ. ಅದರ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನ್‌ನ ವೇಗಕ್ಕೆ ಮರುಳಾದೆ. ಹೊಸ ಆವೃತ್ತಿಗಳು ಬೇಗ ಬರುತ್ತವೆ, ಹಾಗಾಗಿ ಪಿಪಿಎ ತಂಟೆಯೂ ಇಲ್ಲ. ಆದರೆ ಅಲ್ಲಿ ಇಡೀ ಸಿಸ್ಟಮ್ ಒಟ್ಟಿಗೇ ಮುಂದೆ ಹೋಗಬೇಕು. ಒಂದು ದಿನ ಆತುರದಲ್ಲಿ ಪ್ಯಾಕೇಜ್‌ಗಳ ಪಟ್ಟಿಯನ್ನು ಮಾತ್ರ ಹೊಸದು ಮಾಡಿ, ಬೇಕಾದ ಒಂದೇ ಪ್ಯಾಕೇಜ್ ಹಾಕಿದೆ. ಅದು ತನ್ನ ಜೊತೆ ಹೊಸ ಲೈಬ್ರರಿ ಎಳೆದು ತಂದಿತು. ಹಳೆಯದನ್ನೇ ನಂಬಿದ್ದ ಪ್ರೋಗ್ರಾಮ್‌ಗಳು ಶುರುವೇ ಆಗಲಿಲ್ಲ. ಪೂರ್ತಿ ಅಪ್‌ಡೇಟ್ ಮಾಡಿದ ಮೇಲೆ ಸರಿಹೋಯಿತು. ಹೀಗೆ ಅರ್ಧಂಬರ್ಧ ಅಪ್‌ಗ್ರೇಡ್ ಮಾಡಬಾರದು ಎಂದು ಆರ್ಚ್‌ನವರು ಮೊದಲೇ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿದ್ದು ಆಮೇಲೆ.

ಅಲ್ಲಿಂದ ಯಾವುದು ವೇಗ ಅಂತ ಕೇಳುವುದನ್ನು ಬಿಟ್ಟೆ. ಕೆಡಿಸಿಕೊಂಡರೆ ಹಿಂದಕ್ಕೆ ಬರುವುದು ಹೇಗೆ ಅಂತ ಹುಡುಕತೊಡಗಿದೆ. ಹಾಗೆ ಸಿಕ್ಕಿದ್ದು ಫೆಡೋರಾ ಡಿಸ್ಟ್ರೋದ ಡಿಎನ್‌ಎಫ್. 2015ರಲ್ಲಿ ಫೆಡೋರಾ 22ರಿಂದ ಅಲ್ಲಿನ ಹಳೆಯ ಮ್ಯಾನೇಜರ್ ಯಮ್‌ನ ಜಾಗಕ್ಕೆ ಬಂದದ್ದು ಇದು. ಮಾಡಿದ ಪ್ರತಿ ಕೆಲಸಕ್ಕೂ ಒಂದು ನಂಬರ್ ಕೊಟ್ಟು ನೆನಪಿಟ್ಟುಕೊಳ್ಳುತ್ತದೆ. ಡಿಎನ್‌ಎಫ್ ಹಿಸ್ಟರಿ ಎಂದರೆ ಪಟ್ಟಿ ಬರುತ್ತದೆ. ಅನ್‌ಡು ಎಂದು ಹೇಳಿ ಆ ನಂಬರ್ ಕೊಟ್ಟರೆ, ಹಾಕಿದ್ದನ್ನು ತೆಗೆಯುತ್ತದೆ, ತೆಗೆದದ್ದನ್ನು ಹಾಕುತ್ತದೆ. ಪ್ರಯೋಗಕ್ಕೆಂದು ಇನ್ನೊಂದು ಡೆಸ್ಕ್‌ಟಾಪ್ ಹಾಕಿ, ಬೇಡವೆನಿಸಿ, ಒಂದೇ ಕಮಾಂಡ್‌ನಲ್ಲಿ ಅಷ್ಟನ್ನೂ ಗುಡಿಸಿಹಾಕಿದ ದಿನ ಲ್ಯಾಪ್‌ಟಾಪ್‌ಗೆ ಇದೇ ಸಾಕು ಅನ್ನಿಸಿತು. ಒಂದು ಕೊರತೆ ಇದೆ: ಅಪ್‌ಡೇಟ್ ಮಾಡಿದ್ದನ್ನು ಹಿಂದಕ್ಕೆ ತರಬೇಕಾದರೆ ಹಳೆಯ ಆವೃತ್ತಿ ರಿಪಾಸಿಟರಿಯಲ್ಲಿ ಇರಬೇಕು, ಎಷ್ಟೋ ಸಲ ಇರುವುದಿಲ್ಲ. ಈ ವಿಷಯದಲ್ಲಿ ಪ್ಯಾಕ್‌ಮ್ಯಾನೇ ಮೇಲು. ಇಳಿಸಿಕೊಂಡ ಹಳೆಯ ಫೈಲ್‌ಗಳು ನಾವು ತೆಗೆಯುವ ತನಕ ಡಿಸ್ಕ್‌ನಲ್ಲಿರುವ ಅದರ ಕ್ಯಾಶ್ ಫೋಲ್ಡರ್‌ನಲ್ಲೇ ಬಿದ್ದಿರುತ್ತವೆ.

ಸರ್ವರ್‌ನಲ್ಲಿ ಮಾತ್ರ ಡೆಬಿಯನ್ ಡಿಸ್ಟ್ರೋದ ಸ್ಟೇಬಲ್ ಆವೃತ್ತಿ, ಆಪ್ಟ್. ಹೊರಗಿನ ರಿಪಾಸಿಟರಿ ಒಂದೂ ಸೇರಿಸಿಲ್ಲ, ಅದೂ ತಂಟೆ ಮಾಡಿಲ್ಲ.

ಆ ವಿಡಿಯೊ ಎಡಿಟರ್ ಈಗ ಫ್ಲ್ಯಾಟ್‌ಪ್ಯಾಕ್‌ನಲ್ಲಿ, ಅಂದರೆ ಪ್ರೋಗ್ರಾಮ್‌ಗಳನ್ನು ಸಿಸ್ಟಮ್‌ನಿಂದ ಬೇರೆಯಾಗಿ ಇಡುವ ವ್ಯವಸ್ಥೆಯಲ್ಲಿ, ಇದೆ. ಸಿಸ್ಟಮ್‌ನ ಲೈಬ್ರರಿಗಳನ್ನು ಮುಟ್ಟುವುದಿಲ್ಲ. ಅದಕ್ಕಾಗಿ ಬಂದ ರನ್‌ಟೈಮ್‌ಗಳು (ಅದು ಬಳಸುವ ಲೈಬ್ರರಿಗಳ ಕಟ್ಟುಗಳು) ಎಡಿಟರ್‌ಗಿಂತಲೂ ಜಾಸ್ತಿ ಜಾಗ ತಿಂದಿವೆ. ತಿನ್ನಲಿ ಬಿಡಿ, ಡಿಸ್ಕ್ ಇನ್ನೂ ಖಾಲಿ ಇದೆ.