ನಾಲ್ವರ ವಿಮಾನದಲ್ಲಿ ಒಂದು ಪಾಲು: ಅಮೆರಿಕದಲ್ಲಿರುವ ನಮ್ಮವರು ಹಣ ಕೊಡುವ ಮುನ್ನ

ಕಳೆದ ತಿಂಗಳು ಅಕ್ಕನ ಮಗ ರಜೆಗೆ ದಾವಣಗೆರೆಗೆ ಬಂದಿದ್ದ. ಒಂದು ಸಂಜೆ ಮಂಡಕ್ಕಿ, ಮಿರ್ಚಿಯ ತಟ್ಟೆಗಳ ನಡುವೆ ಮೊಬೈಲ್ ಇಟ್ಟು ಒಂದು ಫೋಟೋ ತೋರಿಸಿದ. ಬಿಳಿ ಬಣ್ಣದ, ಎರಡು ಸೀಟಿನ, ರೆಕ್ಕೆ ಕೆಳಗಿರುವ ಪುಟ್ಟ ವಿಮಾನ, ಆರ್‌ವಿ-7. ಅದು ಯಾವ ಕಾರ್ಖಾನೆಯಲ್ಲೂ ತಯಾರಾದದ್ದಲ್ಲ. ಒಬ್ಬಾತ ಬಿಡಿಭಾಗಗಳ ಕಿಟ್ ತರಿಸಿಕೊಂಡು ತನ್ನ ಗ್ಯಾರೇಜಿನಲ್ಲಿ ಕಟ್ಟಿದ್ದು. ಈಗ ನಾಲ್ವರ ಒಡೆತನದಲ್ಲಿದೆ. ಒಬ್ಬರು ಊರು ಬಿಡುತ್ತಿರುವುದರಿಂದ ಕಾಲು ಪಾಲು ಮಾರಾಟಕ್ಕಿದೆ. ‘ಮಾವ, ತೆಗೆದುಕೊಳ್ಳಲೇ?’ ಎಂದು ಕೇಳಿದ.

ಅಮೆರಿಕದಲ್ಲಿ ನಾನು ಇದ್ದ ಇಪ್ಪತ್ತೆರಡು ವರ್ಷಗಳಲ್ಲಿ ಹನ್ನೊಂದು ವರ್ಷ ಇಂಥದೇ ಒಂದು ವಿಮಾನದ ಪಾಲುದಾರನಾಗಿದ್ದೆ. ಅಲ್ಲಿ ಹಾರಲು ಕಲಿತ ನಮ್ಮವರು ಈಗ ಬಹಳ ಮಂದಿ ಇದ್ದಾರೆ. ಅವನಿಗೆ ಹೇಳಿದ್ದನ್ನೇ ಅವರಿಗಾಗಿಯೂ ಬರೆಯುತ್ತಿದ್ದೇನೆ.

ಭಾವ ಪಕ್ಕದಲ್ಲೇ ಕೂತಿದ್ದರು. ಫೋಟೋದಲ್ಲಿದ್ದ ‘ಎಕ್ಸ್‌ಪೆರಿಮೆಂಟಲ್’ ಎಂಬ ಅಕ್ಷರಗಳನ್ನು ಓದಿ ಅವರ ಮುಖ ಗಂಭೀರವಾಯಿತು. ನಮ್ಮ ಕಡೆಯವರಿಗೆ ಪ್ರಯೋಗದ ವಿಮಾನವೆಂದರೆ ಚಳ್ಳಕೆರೆ ಪಕ್ಕದ ಕುದಾಪುರ. ಡಿಆರ್‌ಡಿಒ ಅಲ್ಲಿ ಚಾಲಕರಹಿತ ವಿಮಾನಗಳನ್ನು ಪರೀಕ್ಷಿಸುತ್ತದೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನೇ ಬಂದು ಇಳಿಯುವಂತೆ ಮಾಡಿದ್ದೂ ಅಲ್ಲಿಯೇ. ‘ಇದೂ ಹಾಗೆಯೇ ಪರೀಕ್ಷೆಗೆ ಬಿಡುವುದೋ?’ ಎಂದರು ಭಾವ. ಅಲ್ಲ. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎಯ ಕಾನೂನಿನಲ್ಲಿ ಅದು ಒಂದು ವರ್ಗದ ಹೆಸರು. ಕೆಲಸದ ಹೆಚ್ಚಿನ ಭಾಗವನ್ನು ಹವ್ಯಾಸಿಗಳು ತಮ್ಮ ಕಲಿಕೆಗೋ ಸಂತೋಷಕ್ಕೋ ಮಾಡಿರಬೇಕು ಎಂಬುದು ಆ ವರ್ಗದ ಮೂಲ ಷರತ್ತು. ಜನ ಇದನ್ನು ಶೇ. 51ರ ನಿಯಮ ಎನ್ನುತ್ತಾರೆ. ಕಟ್ಟಿ ಮುಗಿದ ಮೇಲೆ ಸಾಮಾನ್ಯವಾಗಿ 25 ಅಥವಾ 40 ಗಂಟೆ ಪರೀಕ್ಷಾ ಹಾರಾಟ ನಡೆಯುತ್ತದೆ. ಆ ಹಂತದಲ್ಲಿ ಬೇರೆ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಅದು ದಾಟಿದರೆ ಸಾಧಾರಣ ಖಾಸಗಿ ವಿಮಾನದಂತೆ ಊರೂರು ಸುತ್ತಬಹುದು. ಇಪ್ಪತ್ತು ವರ್ಷ ಹಾರಿದರೂ ಆ ಅಕ್ಷರಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ಇನ್ನು ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ವಿಮಾನದ ಬೆಲೆ, ಎಂಜಿನ್, ಬಣ್ಣ ಇವೆಲ್ಲಕ್ಕೂ ಮೊದಲು ನಿಮ್ಮ ವೀಸಾ ಸ್ಥಿತಿಯನ್ನು ನೋಡಿಕೊಳ್ಳಿ. ಕಾರನ್ನು ಯಾರು ಬೇಕಾದರೂ ಕೊಂಡು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು, ವಿಮಾನವನ್ನು ಹಾಗೆ ಮಾಡಿಸಿಕೊಳ್ಳಲಾಗದು. ವ್ಯಕ್ತಿಗಳ ಹೆಸರಿನಲ್ಲಿ ನೋಂದಣಿ ಆಗಬೇಕಾದರೆ ಪ್ರತಿಯೊಬ್ಬ ಸಹಮಾಲೀಕನೂ ಅಮೆರಿಕದ ಪೌರನೋ ಗ್ರೀನ್ ಕಾರ್ಡ್ ಪಡೆದವನೋ ಆಗಿರಬೇಕು. ಎಚ್-1ಬಿ ವೀಸಾದಲ್ಲಿ ಇರುವವರು ಎಷ್ಟೇ ವರ್ಷದಿಂದ ತೆರಿಗೆ ಕಟ್ಟುತ್ತಿದ್ದರೂ ಈ ಪಟ್ಟಿಯಲ್ಲಿ ಬರುವುದಿಲ್ಲ.

ಪಾಲಿನ ವಿಮಾನಗಳು ಬಹಳಷ್ಟು ಸಲ ಎಲ್‌ಎಲ್‌ಸಿ ಎಂಬ ಸಣ್ಣ ಕಂಪನಿಯ ಹೆಸರಿನಲ್ಲಿರುತ್ತವೆ. ಅಲ್ಲಿ ಲೆಕ್ಕವೇ ಬೇರೆ. ಕಂಪನಿಯನ್ನು ಅಮೆರಿಕದ ‘ಪೌರ’ ಎಂದು ಒಪ್ಪಬೇಕಾದರೆ ಮತದಾನದ ಹಕ್ಕಿನಲ್ಲಿ ಕನಿಷ್ಠ ಶೇ. 75 ಪಾಲು ಪೌರರ ಕೈಯಲ್ಲಿರಬೇಕು, ನಿರ್ವಹಣೆ ಮಾಡುವವರಲ್ಲಿ ಮೂರನೇ ಎರಡು ಭಾಗ ಪೌರರಾಗಿರಬೇಕು, ಅಧ್ಯಕ್ಷನೂ ಪೌರನಾಗಿರಬೇಕು, ನಿಜವಾದ ಹಿಡಿತವೂ ಅವರದೇ ಆಗಿರಬೇಕು. ಗ್ರೀನ್ ಕಾರ್ಡ್ ಇರುವವರು ಈ ಎಣಿಕೆಯಲ್ಲಿ ಪೌರರಲ್ಲ! ಸ್ವಂತ ಹೆಸರಿನಲ್ಲಾದರೆ ಅರ್ಹತೆ ಕೊಡುವ ಅದೇ ಕಾರ್ಡು ಕಂಪನಿಯೊಳಗೆ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ತಿಳಿಯದೆ ಮುಂಗಡ ಕೊಟ್ಟವರನ್ನು ನಾನು ಕಂಡಿದ್ದೇನೆ.

ಅಕ್ಕನ ಮಗನಿಗೆ ಗ್ರೀನ್ ಕಾರ್ಡ್ ಇದೆ. ‘ಉಳಿದ ಮೂವರು ಯಾರು?’ ಎಂದು ಕೇಳಿದೆ. ಆ ರಾತ್ರಿಯೇ ಅವನು ಸಂದೇಶ ಕಳಿಸಿ ವಿಚಾರಿಸಿದ. ಇಬ್ಬರು ಪೌರರು, ಒಬ್ಬ ಬ್ರಿಟನ್ನಿನಿಂದ ಬಂದವನು, ಅವನಿಗೂ ಗ್ರೀನ್ ಕಾರ್ಡೇ. ವಿಮಾನ ಎಲ್‌ಎಲ್‌ಸಿಯ ಹೆಸರಿನಲ್ಲಿದೆ. ಈಗ ಬಿಟ್ಟುಹೋಗುತ್ತಿರುವವರು ಪೌರರಾದ್ದರಿಂದ ಇದುವರೆಗೆ ಮೂವರು ಪೌರರಿದ್ದು ಶೇ. 75 ಸರಿಯಾಗಿ ತುಂಬಿತ್ತು. ಇವನು ಒಳಗೆ ಕಾಲಿಟ್ಟ ದಿನವೇ ಅದು ಶೇ. 50ಕ್ಕೆ ಇಳಿಯುತ್ತದೆ. ಕಂಪನಿಯ ಅರ್ಹತೆ ಹೋದರೆ ನೋಂದಣಿ ಉಳಿಯುವುದಿಲ್ಲ, ನೋಂದಣಿಯಿಲ್ಲದ ವಿಮಾನ ನೆಲ ಬಿಡುವಂತಿಲ್ಲ. ನಾಲ್ವರೂ ಒಳ್ಳೆಯವರು, ಯಾರಿಗೂ ಈ ಅಂಶ ಹೊಳೆದಿರಲಿಲ್ಲ. ದಾರಿ ಇದೆ: ಕಂಪನಿಯಿಂದ ವಿಮಾನವನ್ನು ನಾಲ್ವರ ಹೆಸರಿಗೆ ನೇರವಾಗಿ ವರ್ಗಾಯಿಸಿ, ಹೊಸ ಕ್ರಯಪತ್ರ ಬರೆದು, ಸಹಮಾಲೀಕರಾಗಿ ಮತ್ತೆ ನೋಂದಣಿ ಮಾಡಿಸಬೇಕು. ಇದಕ್ಕೆ ವಿಮಾನ ನೋಂದಣಿ ಬಲ್ಲ ವಕೀಲರ ಒಂದು ಗಂಟೆಯ ಸಲಹೆಗೆ ಹಣ ಕೊಡಿ, ಅದರಲ್ಲಿ ಉಳಿತಾಯ ಮಾಡಬೇಡಿ.

ಎಚ್-1ಬಿಯವರಿಗೂ ಒಂದು ಕಿಂಡಿ ಇಲ್ಲಿಯೇ ಕಾಣುತ್ತದೆ. ಉಳಿದ ಮೂವರೂ ಪೌರರಾಗಿದ್ದು ಆಡಳಿತ ಅವರ ಕೈಯಲ್ಲಿದ್ದರೆ ಅಂಥ ಎಲ್‌ಎಲ್‌ಸಿಯ ಕಾಲು ಭಾಗದ ಸದಸ್ಯರಾಗಲು ಈ ನೋಂದಣಿ ನಿಯಮ ಅಡ್ಡ ಬರುವುದಿಲ್ಲ. ಆದರೆ ಸ್ನೇಹಿತನ ಹೆಸರಿನಲ್ಲಿ ಬೇನಾಮಿ ಪಾಲು ಇಡುವ ಯೋಚನೆಯನ್ನು ಕೈಬಿಡಿ. ಅರ್ಜಿಯಲ್ಲಿ ಸುಳ್ಳು ಬರೆಯುವುದು ಅಲ್ಲಿ ಫೆಡರಲ್ ಅಪರಾಧ. ಅದರ ಪರಿಣಾಮ ವಿಮಾನಕ್ಕಷ್ಟೇ ಅಲ್ಲ, ನಿಮ್ಮ ಮುಂದಿನ ವಲಸೆ ಅರ್ಜಿಗೂ ತಟ್ಟಬಹುದು. ಇನ್ನೂ ಹಾರಲು ಕಲಿಯದವರು ಒಂದು ಮಾತು ನೆನಪಿಡಿ: ಪೌರರಲ್ಲದವರು, ಗ್ರೀನ್ ಕಾರ್ಡಿನವರೂ ಸೇರಿ, ಪೈಲಟ್ ತರಬೇತಿಗೆ ಮುನ್ನ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಯ ಪರಿಶೀಲನೆಗೆ ಒಳಗಾಗಬೇಕು.

ಕಾಗದದ ವಿಷಯ ಮುಗಿದ ಮೇಲೆ, ಕಟ್ಟಿದವನು ಯಾರು, ಈಗ ಎಲ್ಲಿದ್ದಾನೆ ಎಂದು ಕೇಳಿ. ಕಾರ್ಖಾನೆಯಲ್ಲಿ ತಯಾರಾದ ಸೆಸ್ನಾ 172 ವಿಮಾನ ಒಂದನ್ನು ಬಲ್ಲ ಮೆಕ್ಯಾನಿಕ್‌ಗೆ ಇನ್ನೊಂದೂ ಗೊತ್ತಿರುತ್ತದೆ. ಮನೆಯಲ್ಲಿ ಕಟ್ಟಿದ್ದು ಹಾಗಲ್ಲ. ಆರ್‌ವಿ ಮಾದರಿಯ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ, ಆದರೂ ಒಂದರ ವೈರಿಂಗ್ ಇನ್ನೊಂದರಲ್ಲಿ ಇರುವುದಿಲ್ಲ. ಇಂಧನದ ಕೊಳವೆಯನ್ನು ಎಲ್ಲಿ ಬಾಗಿಸಿದ, ಯಾವ ಸ್ವಿಚ್ಚಿಗೆ ಯಾವ ತಂತಿ ಕೊಟ್ಟ ಎಂಬುದು ಅವನ ತಲೆಯಲ್ಲಿ ಅಥವಾ ಅವನ ಟಿಪ್ಪಣಿ ಪುಸ್ತಕದಲ್ಲಿ ಇರುತ್ತದೆ.

ಪ್ರತಿ ಹನ್ನೆರಡು ತಿಂಗಳಿಗೊಮ್ಮೆ ಈ ವಿಮಾನಗಳಿಗೆ ಸ್ಥಿತಿ ತಪಾಸಣೆ ಆಗಬೇಕು. ಕಟ್ಟಿದವನು ಎಫ್‌ಎಎಯಿಂದ ಆ ಒಂದು ವಿಮಾನಕ್ಕಷ್ಟೇ ಸೀಮಿತವಾದ ರಿಪೇರ್‌ಮನ್ ಪ್ರಮಾಣಪತ್ರ ಪಡೆದಿದ್ದರೆ ತಪಾಸಣೆ ಮಾಡಿ ತಾನೇ ಸಹಿ ಹಾಕಬಹುದು. ಆ ಪ್ರಮಾಣಪತ್ರ ವಿಮಾನದ ಜೊತೆ ಮಾರಾಟವಾಗುವುದಿಲ್ಲ. ನೀವು ಪಾಲು ಕೊಂಡರೂ ಇಡೀ ವಿಮಾನ ಕೊಂಡರೂ ಅದು ಅವನ ಹೆಸರಿನಲ್ಲೇ ಇರುತ್ತದೆ. ದಿನನಿತ್ಯದ ಕೆಲಸವನ್ನು, ಎಣ್ಣೆ ಬದಲಿಸುವುದರಿಂದ ಹಿಡಿದು ದೊಡ್ಡ ದುರಸ್ತಿಯವರೆಗೆ, ನೀವೇ ಮಾಡಲು ಕಾನೂನು ಬಿಡುತ್ತದೆ. ವಾರ್ಷಿಕ ಸಹಿಗೆ ಮಾತ್ರ ಅದಕ್ಕೆ ತಕ್ಕ ಪ್ರಮಾಣಪತ್ರ ಬೇಕು.

ನಮ್ಮ ವಿಮಾನವನ್ನು ಕಟ್ಟಿದವರು ಅಚ್ಚು ತಯಾರಿಸುವ ಕೆಲಸದಿಂದ ನಿವೃತ್ತರಾದ ಹಿರಿಯರು. ಏಳು ವರ್ಷ ಅವರೇ ನೋಡಿಕೊಂಡರು. ಮಗಳ ಊರಿಗೆ ಅವರು ಹೊರಟುಹೋದಾಗ ತಪಾಸಣೆಗೆ ಎ ಅಂಡ್ ಪಿ ಪರವಾನಗಿಯ, ಅಂದರೆ ವಿಮಾನದ ಒಡಲು, ಎಂಜಿನ್ ಎರಡಕ್ಕೂ ಅರ್ಹತೆ ಪಡೆದ ಮೆಕ್ಯಾನಿಕ್‌ನನ್ನು ಹುಡುಕಬೇಕಾಯಿತು. ಮೂವರು ಬೇಡವೆಂದರು. ತಾವು ಕಾಣದ ಕೈ ಕಟ್ಟಿದ್ದಕ್ಕೆ ಸಹಿ ಹಾಕಲು ಅವರಿಗೆ ಮನಸ್ಸಿರಲಿಲ್ಲ, ಅದರಲ್ಲಿ ತಪ್ಪೂ ಇರಲಿಲ್ಲ. ನಾಲ್ಕನೆಯವರು ಒಪ್ಪಿದ್ದು ಆ ಹಿರಿಯರು ಬಿಟ್ಟುಹೋಗಿದ್ದ ಆರು ದಪ್ಪ ಫೈಲುಗಳಿಂದಾಗಿ. ಪ್ರತಿ ರಿವೆಟ್ ಸಾಲಿನ ಫೋಟೋ, ದಿನಾಂಕ, ಕೈಬರಹದ ವೈರಿಂಗ್ ನಕ್ಷೆ ಅವುಗಳಲ್ಲಿದ್ದವು. ಅಂಥ ಫೈಲುಗಳಿಲ್ಲದ ವಿಮಾನ ಎಷ್ಟೇ ಹೊಳೆಯುತ್ತಿದ್ದರೂ ನಾನು ಪಾಲು ತೆಗೆದುಕೊಳ್ಳುವುದಿಲ್ಲ.

ಇದು ಬರಿಯ ಅಂಜಿಕೆಯಲ್ಲ. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಈ ವರ್ಗದ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿತು. 2011ರಲ್ಲಿ ತನಿಖೆಯಾದ 224 ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಟ್ಟಿದವರಿಂದ ಬೇರೆಯವರು ಕೊಂಡ ವಿಮಾನಗಳದ್ದು. ಅವುಗಳಲ್ಲಿ 14 ಹೊಸ ಮಾಲೀಕ ಮೊದಲ ಸಲ ಹಾರಿಸಿದಾಗಲೇ ಆದವು. ಪಾಲು ಕೊಳ್ಳುವವನೂ ಕಟ್ಟದೆ ಕೊಂಡವನೇ. ಆದ್ದರಿಂದ ಆ ಮಾದರಿಯನ್ನು ಚೆನ್ನಾಗಿ ಬಲ್ಲ ಬೋಧಕರ ಜೊತೆ ಕೆಲವು ಗಂಟೆ ಹಾರಿದ ನಂತರವೇ ಒಬ್ಬರೇ ಹೊರಡಿ. ವಿಮಾ ಕಂಪನಿಗಳೂ ಬಹುಮಟ್ಟಿಗೆ ಇದನ್ನೇ ಕೇಳುತ್ತವೆ. ಕೊಳ್ಳುವ ಮುನ್ನಿನ ಪರೀಕ್ಷೆಯನ್ನು ಪ್ರತಿವರ್ಷ ಸಹಿ ಹಾಕುವವರಿಂದ ಮಾಡಿಸದೆ, ಆ ಮಾದರಿ ಗೊತ್ತಿರುವ ಬೇರೆಯವರಿಂದ ಮಾಡಿಸಿ. ಹತ್ತಿರದ ಇಎಎ ಶಾಖೆಯಲ್ಲಿ ಕೇಳಿದರೆ ಅಂಥವರು ಸಿಗುತ್ತಾರೆ. 1953ರಲ್ಲಿ ಆರಂಭವಾದ, ಮನೆಯಲ್ಲಿ ವಿಮಾನ ಕಟ್ಟುವವರದೇ ಸಂಘ ಅದು.

ಹಣದ ವಿಷಯಕ್ಕೆ ಬಂದಾಗ ಭಾವ ನಮ್ಮಿಬ್ಬರಿಗಿಂತ ಚುರುಕಾದರು. ಅವರ ಹೊಲದ ಬೋರ್‌ವೆಲ್ ಮೂವರು ಅಣ್ಣತಮ್ಮಂದಿರ ಪಾಲಿನದು. ‘ಮೋಟಾರು ಸುಟ್ಟಾಗ ಯಾರು ಕೊಡುತ್ತಾರೆ ಅಂತ ಮೊದಲು ಕೇಳು’ ಎಂದರು. ಸರಿಯಾದ ಪ್ರಶ್ನೆ. ಇಂಥ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವ ಲೈಕಮಿಂಗ್ ಎಂಜಿನ್‌ಗೆ ಸುಮಾರು 2,000 ಗಂಟೆಗೊಮ್ಮೆ ಪೂರ್ತಿ ಬಿಚ್ಚಿ ಕಟ್ಟುವ ಕೆಲಸ ಬರುತ್ತದೆ. ಲೆಕ್ಕಕ್ಕಾಗಿ ಆ ಖರ್ಚು 40,000 ಡಾಲರ್ ಎಂದಿಟ್ಟುಕೊಳ್ಳಿ. ಹಾರಿದ ಪ್ರತಿ ಗಂಟೆಗೆ 20 ಡಾಲರ್ ಮೀಸಲು ನಿಧಿಗೆ ಹೋಗಬೇಕು. ಎಂಜಿನ್ 1,500 ಗಂಟೆ ಓಡಿದ್ದರೆ ಬ್ಯಾಂಕಿನಲ್ಲಿ 30,000 ಇರಬೇಕು. ಇರುವುದು 6,000 ಮಾತ್ರವಾದರೆ ಕೊರತೆ 24,000. ಅದರ ಕಾಲು ಭಾಗ, 6,000 ಡಾಲರ್, ನಿಮ್ಮ ತಲೆಯ ಮೇಲೆ ಬರುತ್ತದೆ. ಪಾಲಿನ ಬೆಲೆಯಿಂದ ಅಷ್ಟನ್ನು ಕಳೆದು ಮಾತಾಡಿ. ಹಿಂದಿನವರು ಹಾರಿದ ಗಂಟೆಗಳಿಗೆ ನೀವು ಹಣ ಕಟ್ಟುವುದು ನ್ಯಾಯವಲ್ಲ. ಜನರನ್ನೋ ಸರಕನ್ನೋ ಬಾಡಿಗೆಗೆ ಸಾಗಿಸಿ ಖರ್ಚು ತುಂಬಿಕೊಳ್ಳುವ ಆಸೆಯೂ ಬೇಡ, ಈ ವರ್ಗದಲ್ಲಿ ಅದಕ್ಕೆ ಅವಕಾಶವಿಲ್ಲ.

ಸರದಿಯನ್ನೂ ನೋಡಬೇಕು. ಭದ್ರಾ ನಾಲೆಯ ಕೊನೆಭಾಗದ ರೈತನ ಕಷ್ಟ ದಾವಣಗೆರೆಯವರಿಗೆ ವಿವರಿಸಬೇಕಾಗಿಲ್ಲ. ಕಾಗದದಲ್ಲಿ ನೀರು ಎಲ್ಲರಿಗೂ ಸಮ, ಗದ್ದೆಗೆ ಬರುವುದು ಮೇಲಿನವರು ಬಿಟ್ಟಷ್ಟು. ಹೊಸ ಪಾಲುದಾರನ ಪಾಡೂ ಹೀಗಾಗಬಹುದು. ನಾಲ್ವರೂ ಸೋಮವಾರದಿಂದ ಶುಕ್ರವಾರ ದುಡಿಯುವವರಾದರೆ ಎಲ್ಲರಿಗೂ ಬೇಕಾದದ್ದು ಶನಿವಾರದ ಬೆಳಗ್ಗೆಯೇ. ಕಳೆದ ಒಂದು ವರ್ಷದ ಕಾಯ್ದಿರಿಸುವಿಕೆಯ ಪಟ್ಟಿಯನ್ನು ತೋರಿಸಿ ಎಂದು ಕೇಳಿ. ಕರಾರು ಪತ್ರದಲ್ಲಿ ಬಿಟ್ಟುಹೋಗುವವರ ಪಾಲನ್ನು ಯಾರು, ಯಾವ ಬೆಲೆಗೆ, ಎಷ್ಟು ದಿನದೊಳಗೆ ಕೊಳ್ಳಬೇಕು ಎಂದು ಬರೆದಿರಬೇಕು. ಭಾರತಕ್ಕೆ ಮರಳುವ ಸಾಧ್ಯತೆ ಇರುವ ನಮ್ಮವರಿಗೆ ಈ ಕಲಮು ಉಳಿದೆಲ್ಲಕ್ಕಿಂತ ದೊಡ್ಡದು. ನಾನು ಊರಿಗೆ ಬಂದಾಗ ನನ್ನ ಪಾಲು ಮಾರಾಟವಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಇಲ್ಲಿ ಕೂತು ಪ್ರತಿ ತಿಂಗಳು ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಬಾಡಿಗೆ ಕಳಿಸಿದ್ದೇನೆ.

ಸಣ್ಣವೆನಿಸಿದರೂ ಬಿಡಬಾರದ ಕೆಲವು ಮಾತುಗಳಿವೆ. ವಿಮಾನದ ವಿಮೆಯಲ್ಲಿ ನಿಮ್ಮ ಹೆಸರು ಪೈಲಟ್ ಆಗಿ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ. ನಿಮ್ಮ ಜೀವ ವಿಮೆ ಖಾಸಗಿ ಹಾರಾಟವನ್ನು ಹೊರಗಿಟ್ಟಿದೆಯೇ ಎಂದು ಓದಿ, ಹಲವು ಪಾಲಿಸಿಗಳು ಹೊರಗಿಡುತ್ತವೆ. ಎಲ್‌ಎಲ್‌ಸಿ ಇದ್ದ ಮಾತ್ರಕ್ಕೆ ಹಾರಿಸುವವನ ಸ್ವಂತ ತಪ್ಪಿಗೆ ರಕ್ಷಣೆ ಸಿಗುವುದಿಲ್ಲ. ಕಿಟ್ ಕಂಪನಿಯ ಕಥೆಯನ್ನೂ ತಿಳಿಯಿರಿ: ಆರ್‌ವಿ ಕಿಟ್‌ಗಳ ವ್ಯಾನ್ಸ್ ಕಂಪನಿ 2023ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿ, ಮರುವರ್ಷ ಅದರಿಂದ ಹೊರಬಂದಿತು. ಅದಕ್ಕೂ ಮುಂಚೆ ಲೇಸರ್‌ನಿಂದ ಕತ್ತರಿಸಿದ ಕೆಲವು ಭಾಗಗಳ ರಂಧ್ರಗಳಲ್ಲಿ ಬಿರುಕಿನ ಸಮಸ್ಯೆ ಕಂಡಿತ್ತು. ಆ ಕಾಲದ ಕಿಟ್ ಆಗಿದ್ದರೆ ಆ ಭಾಗಗಳನ್ನು ಏನು ಮಾಡಿದರು ಎಂದು ಕೇಳಿ. ಇನ್ನು ಸೀಟುಗಳು. ಹೆಂಡತಿ, ಇಬ್ಬರು ಮಕ್ಕಳು, ಊರಿನಿಂದ ಬರುವ ಅಪ್ಪ ಅಮ್ಮ ಇರುವವರಿಗೆ ಎರಡು ಸೀಟಿನ ವಿಮಾನದಲ್ಲಿ ಪ್ರತಿ ಸಲ ಯಾರನ್ನೋ ನೆಲದ ಮೇಲೆ ಬಿಟ್ಟು ಹೋಗಬೇಕು. ಅಂಥವರಿಗೆ ನಾಲ್ಕು ಸೀಟಿನ ಸೆಸ್ನಾ ಇರುವ ಫ್ಲೈಯಿಂಗ್ ಕ್ಲಬ್ಬೇ ಮೇಲು ಎಂದು ನನ್ನ ಅಭಿಪ್ರಾಯ. ವರ್ಷಕ್ಕೆ ಮೂವತ್ತು ನಲವತ್ತು ಗಂಟೆಯೂ ಹಾರದವರಿಗೂ ಅಷ್ಟೇ.

ಅಕ್ಕನ ಮಗ ಇನ್ನೂ ಹಣ ಕೊಟ್ಟಿಲ್ಲ. ಎಲ್‌ಎಲ್‌ಸಿಯ ತೊಡಕನ್ನು ಹೇಳಿದಾಗ ಉಳಿದವರು ಬೇಸರ ಪಡಲಿಲ್ಲವಂತೆ, ವಕೀಲರ ಶುಲ್ಕವನ್ನು ನಾಲ್ಕು ಭಾಗ ಮಾಡೋಣ ಎಂದರಂತೆ. ಇದು ನನಗೆ ಹಿಡಿಸಿತು. ವಿಮಾನ ಕಟ್ಟಿದವರು ಅದೇ ಊರಿನಲ್ಲಿದ್ದಾರೆ, ಎಪ್ಪತ್ತೊಂದು ವರ್ಷ. ಈ ಶನಿವಾರ ಎಂಜಿನ್ ಮೇಲಿನ ಹೊದಿಕೆ ಬಿಚ್ಚಿ ತೋರಿಸುತ್ತೇನೆ ಎಂದು ಕರೆದಿದ್ದಾರೆ. ಫೈಲುಗಳ ಮೊದಲ ಹಾಳೆಯಿಂದ ಕೊನೆಯವರೆಗೆ ಫೋಟೋ ತೆಗೆದು ಕಳಿಸಲು ಹೇಳಿದ್ದೇನೆ. ಮೀಸಲು ನಿಧಿಯ ಬ್ಯಾಂಕ್ ಲೆಕ್ಕ ಬಂತೇ ಎಂದು ಭಾವ ನಿನ್ನೆಯೂ ಕೇಳಿದರು.